ಮುಕ್ಕಾಲು ಬಾಟಲಿ ಹೊಳೆ ನೀರು

ಬೆಳಿಗ್ಗೆ ಎಂಟಕ್ಕೇ ಶಾಸಕರ ಕಚೇರಿಯ ಗುಮಾಸ್ತೆ ಸೀಸೆಯಕ್ಕನ ಬಾಗಿಲಲ್ಲಿ ನಿಂತಿದ್ದಳು. ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಜೀವಮಾನ ಸವೆಸಿ ನಿವೃತ್ತಳಾದ ಅಕ್ಕನಿಗೆ ಬೀದಿಯವರು ಇಟ್ಟ ಹೆಸರು ಅದು. ಪಕ್ಕದ ಮನೆಯ ಹಳೇ ಬಸ್ ಕಂಡಕ್ಟರ್ ನಾನು. ಅವಳು ಬಿಡಿಸಿದ ಗಂಟುಗಳಿಗೆಲ್ಲ ದೇವರು ನನ್ನನ್ನೇ ಸಾಕ್ಷಿಯಾಗಿಟ್ಟಿದ್ದಾನೆ.

"ಅಕ್ಕಾ, ಬಣ್ಣದ ಕಾರ್ಖಾನೆ ಮೇಲಿನ ದೂರಿಗೆ ಹನ್ನೊಂದಕ್ಕೆ ವಿಚಾರಣಾ ಸಮಿತಿ ಬರುತ್ತೆ. ಪುರಾವೆಗೆ ಅಂತ ಬೀರುವಿನಲ್ಲಿಟ್ಟಿದ್ದ ಬಾಟಲಿಯ ಹೊಳೆ ನೀರು ನಿನ್ನೆ ಕಪ್ಪಗಿತ್ತು, ಇವತ್ತು ತಿಳಿಯಾಗಿದೆ. ನಾನೇ ಬದಲಾಯಿಸಿದೆ ಅಂತ ಸಾಹೇಬ್ರು ಪೊಲೀಸರಿಗೆ ಹಿಡಿದುಕೊಡ್ತಾರಂತೆ."

"ಬೀಗದ ಕೈ ಎಷ್ಟಿವೆ?"

"ಎರಡು. ಒಂದು ನನ್ನ ಹತ್ರ, ಇನ್ನೊಂದು ಅವರ ಹತ್ರ."

ಶಾಸಕರು ಪರಿಸರ ಕಾನೂನು ಓದಿದ ವಕೀಲರು. ಇದೇ ಹೊಳೆಯ ಪರ ವಾದಿಸಿ, ಬಣ್ಣದ ಕಾರ್ಖಾನೆಯ ಬಾಗಿಲು ಮುಚ್ಚಿಸಿ, ಆ ಪುಣ್ಯದಲ್ಲಿ ಗೆದ್ದವರು. ಎರಡನೇ ಸಲ ಗೆದ್ದಾಗ ಬಾಗಿಲು ತಾನಾಗಿ ತೆರೆಯಿತು. ಆಮೇಲೆ ಹೊಳೆ ಅವರ ಭಾಷಣದಲ್ಲಿ ಮಾತ್ರ ತಿಳಿಯಾಗಿ ಹರಿಯಿತು.

ಮೂವರೂ ಕಚೇರಿಗೆ ಹೋದೆವು. ಗೋಡೆಯಲ್ಲಿ ದೊಡ್ಡದೊಂದು ಫೋಟೊ: ಮೊಣಕಾಲುದ್ದ ನೀರಿನಲ್ಲಿ ನಿಂತ ತರುಣ ವಕೀಲರು, ಕೈಯಲ್ಲಿ ಅಂಚಿನವರೆಗೆ ತುಂಬಿದ ಬಾಟಲಿ. ಅಕ್ಕ ಅದನ್ನು ನೋಡಿದಳು. ಮೇಜಿನ ಮೇಲಿದ್ದ ಬಾಟಲಿಯನ್ನು ಬೋರಲು ಹಿಡಿದು ನೋಡಿದಳು. ಒಳಗೆ ಒಂದು ಗುಳ್ಳೆಯೂ ಏಳಲಿಲ್ಲ. ಕೊನೆಗೆ ಸ್ವೀಕೃತಿ ಪುಸ್ತಕ ಕೇಳಿ ಓದಿದಳು.

ಹನ್ನೊಂದಕ್ಕೆ ಎಲ್ಲರೂ ಕೂತರು. ಶಾಸಕರು ಸಮಿತಿಯ ಅಧ್ಯಕ್ಷೆಗೆ ನಿಟ್ಟುಸಿರಿನೊಂದಿಗೆ ಹೇಳಿದರು, "ಇವಳನ್ನ ಮಗಳ ಹಾಗೆ ನೋಡ್ಕೊಂಡಿದ್ದೆ ಮೇಡಂ."

"ಮಗಳಿಗಾಗಿ ಆಮೇಲೆ ಅಳೋಣ," ಎಂದಳು ಅಕ್ಕ. ನೀರು ತಂದಿದ್ದ ದೋಣಿಯವನ ಕಡೆ ತಿರುಗಿದಳು. "ನೀನು ಎಷ್ಟು ತುಂಬಿಸಿದ್ದೆ ಅಣ್ಣಾ?"

"ಮುಕ್ಕಾಲು, ತಾಯಿ. ಅಷ್ಟರಲ್ಲಿ ಕಾರ್ಖಾನೆ ಕಾವಲಿನವನು ಓಡಿಸ್ದ."

"ಪುಸ್ತಕದಲ್ಲೂ ಹಾಗೇ ಇದೆ. 'ಮುಕ್ಕಾಲು ಬಾಟಲಿ, ಕಪ್ಪು ನೀರು.' ಬರೆದವಳು ಈ ಹುಡುಗಿ. ಅವಳೇ ಬದಲಾಯಿಸಿದ್ರೆ ಲೆಕ್ಕ ತಪ್ಪದ ಹಾಗೆ ಮುಕ್ಕಾಲೇ ತುಂಬಿಸ್ತಿದ್ದಳು. ಇದು ಅಂಚಿನವರೆಗೆ ತುಂಬಿದೆ. ಪರೀಕ್ಷೆಗೆ ಹೋಗೋ ನೀರಲ್ಲಿ ಗಾಳಿ ಇರಬಾರದು ಅಂತ ನಾವು ಹೀಗೆ ತುಂಬಿಸ್ತಿದ್ವಿ. ಬೀಗದ ಕೈ ಇಬ್ಬರ ಹತ್ರ. ಇಬ್ಬರಲ್ಲಿ ಈ ಪಾಠ ಕಲಿತವರು ಯಾರು ಅಂತ ಗೋಡೆ ಹೇಳ್ತಿದೆ."

ಎಲ್ಲರೂ ಫೋಟೊ ನೋಡಿದರು. ಶಾಸಕರು ನೆಲ ನೋಡಿದರು.

"ಮುಕ್ಕಾಲು ಅಂತ ನನಗೇನು ಗೊತ್ತು?" ಎಂದು ಅವರ ಬಾಯಿಂದ ಬಂದೇಬಿಟ್ಟಿತು.

"ಕೆಳಗೆ ಸಹಿ ನಿಮ್ದೇ. ಓದದೆ ಹಾಕಿದ್ದೀರಿ. ಚೆಲ್ಲುವಾಗ ಕಣ್ಣು ಬಾಗಿಲ ಮೇಲಿತ್ತೋ ಏನೋ. ತಲೆ ಕಾರ್ಖಾನೆಯವರ ಕಡೆ ಹೋಯ್ತು, ಕೈಗಳು ಪಾಪ ಇನ್ನೂ ಹೊಳೆ ಕಡೆಗೇ ಇವೆ."

ನನಗೆ ಆ ಕೈಗಳ ಮೇಲೆ ಮಾತ್ರ ಕನಿಕರ ಹುಟ್ಟಿತು. ಸಾಹೇಬರ ಮಿಕ್ಕ ಮೈಮೇಲೂ ಹುಟ್ಟಿಸು ಎಂದು ಆ ಸಂಜೆ ದೇವರನ್ನು ಬೇಡಿದೆ, ಹುಟ್ಟಲಿಲ್ಲ.

ಶಾಸಕರಲ್ಲಿ ಉಳಿದಿದ್ದ ಚೂರು ವಕೀಲ ಎದ್ದು ನಿಂತ. "ಆದರೂ ಮೂಲ ಪುರಾವೆ ಈಗ ಇಲ್ಲ. ವಿಚಾರಣೆ ಮುಂದೆ ಹೋಗೋದಿಲ್ಲ."

"ಚೆಲ್ಲಿದ್ದು ಬಾಟಲಿ, ಸ್ವಾಮಿ," ಎಂದ ದೋಣಿಯವನು. "ಹೊಳೆ ಅಲ್ಲೇ ಇದೆ, ಅಷ್ಟೇ ಕಪ್ಪಗೆ."

ಅಧ್ಯಕ್ಷೆ ಬೀರುವಿನ ಎರಡೂ ಕೀಲಿಗಳನ್ನು ಗುಮಾಸ್ತೆಯ ಕೈಗಿಟ್ಟು, "ನಡಿಯಮ್ಮ, ನಾನೂ ದೋಣಿ ಹತ್ತುತ್ತೀನಿ," ಎಂದು ಎದ್ದರು.

ಅಕ್ಕ ತನ್ನ ಚೀಲದಿಂದ ತೊಳೆದ ಬಾಟಲಿಯೊಂದನ್ನು ತೆಗೆದು ಹುಡುಗಿಗೆ ಕೊಟ್ಟಳು. "ಈ ಸಲ ಅಂಚಿನವರೆಗೆ ತುಂಬಿಸು ಮಗಾ. ಸಾಹೇಬ್ರು ಫೋಟೊದಲ್ಲಿ ತುಂಬಿಸಿದ ಹಾಗೆ."