ಬೀಸುಬಲೆಯ ಸೀಸ

2025ರ ಜನವರಿ 17, ಶುಕ್ರವಾರ. ಬೆಳಿಗ್ಗೆ 7.32ಕ್ಕೆ ದುಬೈಯ ಅಲ್ ಕೂಜ್‌ನ ಗೋದಾಮೊಂದರ ಕಾವಲುಗಾರ ಪೊಲೀಸರಿಗೆ ಫೋನ್ ಮಾಡಿದ. ಗೇಟಿನ ಹೊರಗೆ ನಿಂತ ಬಿಳಿ ಕಾರಿನಲ್ಲಿ ಸ್ಟೋರ್ ಕೀಪರ್ ಕುತ್ತಿಗೆ ಒತ್ತಿ ಹಿಡಿದು ಕೂತಿದ್ದಾನೆ, ರಕ್ತ ನಿಲ್ಲುತ್ತಿಲ್ಲ, ಯಾವ ಸದ್ದೂ ಕೇಳಲಿಲ್ಲ ಎಂದ. 7.41ಕ್ಕೆ ಗಸ್ತು ವಾಹನ, ಅದರ ಬೆನ್ನಿಗೇ ಆಂಬುಲೆನ್ಸ್ ಬಂತು. ಗಾಯಗೊಂಡವನ ಹೆಸರು ಹ್ಯೂಬರ್ಟ್, ವಯಸ್ಸು ಮೂವತ್ತೆಂಟು, ಊರು ಮಂಗಳೂರಿನ ಹತ್ತಿರ. ಪ್ರಕರಣ ಕ್ಯಾಪ್ಟನ್ ಹುಮೈದ್ ಅವರ ಕೈಗೆ ಬಂತು.

ಹೆಂಡತಿ ಮಾರ್ಟಿನಾಳ ಹೇಳಿಕೆ ಪಡೆಯಲು ಹತ್ತು ಗಂಟೆಗೆ ದುಭಾಷಿ ಮುಹಿಯುದ್ದೀನ್‌ನನ್ನು ಆಸ್ಪತ್ರೆಗೆ ಕರೆಸಿದರು. ಇಂಗ್ಲಿಷ್ ಚೆನ್ನಾಗಿಯೇ ಬಲ್ಲ ಮಾರ್ಟಿನಾ ಅಂದು ಇಂಗ್ಲಿಷ್ ಮರೆತಿದ್ದಳು. ಮುಹಿಯುದ್ದೀನ್ ಊರಲ್ಲಿ ವಕೀಲರೊಬ್ಬರ ಗುಮಾಸ್ತನಾಗಿದ್ದವನು, ಇಪ್ಪತ್ತೆರಡು ವರ್ಷಗಳಿಂದ ಇಲ್ಲಿ ದುಭಾಷಿ. ಇಲ್ಲಿನ ದೂರು ವರದಿಯನ್ನು ಮನಸ್ಸಿನಲ್ಲಿ ಇಂದಿಗೂ ಎಫ್‌ಐಆರ್ ಎಂದೇ ಕರೆಯುತ್ತಾನೆ, ಸ್ಥಳ ಪರಿಶೀಲನೆಯನ್ನು ಪಂಚನಾಮೆ ಎಂದು. ಅವನಿಗೊಂದು ಚಟವಿತ್ತು. ಊರಿನಿಂದ ಹೊಸದಾಗಿ ಬಂದವರು ಸಿಕ್ಕಿದರೆ ಕೂರಿಸಿ, ಕರಕ್ ಚಹಾ ಕುಡಿಸಿ, ಈ ದೇಶದ ರೀತಿರಿವಾಜು ವಿವರಿಸುವುದು. ಕೇಳಿದ್ದಕ್ಕೆ ಒಂದು ಉತ್ತರ, ಕೇಳದ್ದಕ್ಕೆ ಮೂರು.

"ಯಾರ ಮೇಲಾದರೂ ಸಂಶಯ ಉಂಟಾ?"

"ಯಾರ ಮೇಲೆ ಅಂತ ಹೇಳುದು ಭಾಯಿ? ಅವರು ಯಾರ ಹತ್ರವೂ ಜೋರಾಗಿ ಮಾತಾಡಿದವರಲ್ಲ. ಕೆಲಸ, ಚರ್ಚು, ಮಗಳು. ಅಷ್ಟೇ."

"ಕಾರು ಅವರದ್ದೇನಾ?"

"ಹೌದು. ಕಾರು ಹಳೇದು, ನಂಬರ್ ಮಾತ್ರ ಆಸೆಪಟ್ಟು ತಗೊಂಡದ್ದು. 14918. ನಮ್ಮ ಆನ್ ಮರಿಯಾ ಹುಟ್ಟಿದ ದಿನ ಅದು, ಹದಿನಾಲ್ಕು, ಒಂಬತ್ತು, ಹದಿನೆಂಟು. ಯಾರೋ ಮಾರ್ತಾ ಇದ್ರು. ಎಂಟು ತಿಂಗಳಾಯ್ತು."

ಹುಟ್ಟಿದ ದಿನದ ನಂಬರು ಹುಡುಕಿ ಕೊಳ್ಳುವವರು ದುಬೈಯಲ್ಲಿ ಬೇಕಾದಷ್ಟು ಮಂದಿ. ಇದನ್ನು ಅರಬ್ಬಿಗೆ ಇಳಿಸುವ ಅಗತ್ಯ ಮುಹಿಯುದ್ದೀನ್‌ಗೆ ಕಾಣಲಿಲ್ಲ. ಆ ಒಂದು ಸಾಲು ಹೇಳಿಕೆಯಲ್ಲಿ ಬರಲೇ ಇಲ್ಲ.

ಸಹಿ ಹಾಕಿ ಪೆನ್ನು ಮರಳಿಸುವಾಗ ಮಾರ್ಟಿನಾ ಕೇಳಿದಳು: "ಯಾರು ಅಂತ ಪೊಲೀಸರಿಗೆ ಗೊತ್ತಾದ್ರೆ ಸಾಕು. ಯಾಕೆ ಅಂತ ನನಗೆ ಗೊತ್ತಾಗ್ಬೇಕು. ಹೇಳ್ತೀರಾ?"

"ಗೊತ್ತಾದ ಮರುದಿನ ನಾನೇ ಮನೆಗೆ ಬಂದು ಹೇಳ್ತೇನೆ ತಂಗಿ."

ಹ್ಯೂಬರ್ಟ್ ಭಾನುವಾರ, 19ರಂದು ಸಂಜೆ 4.10ಕ್ಕೆ ತೀರಿಕೊಂಡ. ಪ್ರಕರಣ ಕೊಲೆಯಾಯಿತು.

ಸೋಮವಾರ ಪ್ರಯೋಗಾಲಯದ ವರದಿ ಬಂತು. ಕುತ್ತಿಗೆಯಿಂದ ತೆಗೆದದ್ದು ಕಾಲು ಇಂಚು ದಪ್ಪದ ಸಣ್ಣ ಗುಂಡು. ಮದ್ದಿನ ಕುರುಹು ಇಲ್ಲ, ಆದ್ದರಿಂದ ಗಾಳಿ ಬಂದೂಕಿನದು. ಅಂಗಡಿಯ ಗುಂಡಲ್ಲ, ಮೆತ್ತಗಿನ ಸೀಸವನ್ನು ಮನೆಯಲ್ಲೇ ಕರಗಿಸಿ ಎರಕ ಹೊಯ್ದದ್ದು. ಮೈಮೇಲೆ ಮಾತ್ರ ಅಲೆಅಲೆಯಾಗಿ ನವಿರು ಗೆರೆಗಳಿವೆ. ಇವು ಯಾವ ಅಚ್ಚಿನವೆಂದು ತಿಳಿಯದು ಎಂದು ತಜ್ಞೆ ಬರೆದಿದ್ದಳು.

ಕ್ಯಾಪ್ಟನ್ ದೊಡ್ಡದು ಮಾಡಿಸಿದ ಚಿತ್ರವನ್ನು ಮೇಜಿನ ಮೇಲಿಟ್ಟು ನೋಡುತ್ತಿದ್ದರು. ಅನುವಾದದ ಪ್ರತಿ ಕೊಡಲು ಬಂದ ಮುಹಿಯುದ್ದೀನ್ ಬಗ್ಗಿ ನೋಡಿದ. ಅವನ ಅಜ್ಜ ಮೀನಿನ ವ್ಯಾಪಾರಿ, ಅವನು ಬೆಳೆದದ್ದೇ ದೋಣಿಗಳ ನಡುವೆ.

"ಸರ್, ಇದು ಸಮುದ್ರನೊರೆಯ ಗೆರೆ."

"ಅಂದರೆ?"

"ಶಾಯಿ ಉಗುಳುವ ಬೊಂಡಾಸ್ ಜಾತಿಯ ಮೀನಿನ ಬೆನ್ನೊಳಗೆ ಬಿಳಿ ಓಡು ಇರುತ್ತದೆ, ಅದೇ ಸಮುದ್ರನೊರೆ. ಉಗುರಿನಲ್ಲಿ ಕೆರೆದರೂ ಕುಳಿ ಬೀಳುವಷ್ಟು ಮೆದು. ನಮ್ಮ ಕಡಲ ಬದಿಯ ಕೆಲವು ಮನೆಗಳಲ್ಲಿ ಬಲೆಗೆ ಕಟ್ಟುವ ಸೀಸವನ್ನು ಇದರಲ್ಲೇ ಹೊಯ್ಯುತ್ತಾರೆ."

"ಅಂದರೆ ನಿನ್ನ ಊರಿನವನು."

"ಇರಬಹುದು" ಎಂದ ಮುಹಿಯುದ್ದೀನ್. ಒಳಗೊಳಗೆ ಅವನಿಗೆ ಹೆಮ್ಮೆಯಾಗಿತ್ತು. ಆ ಹೆಮ್ಮೆ ಮೂರು ದಿನ ಉಳಿಯಿತು.

ಕ್ಯಾಮೆರಾಗಳ ಪ್ರಕಾರ ಅಂದು 7.10ರಿಂದ 7.35ರೊಳಗೆ ಆ ಬೀದಿಯಲ್ಲಿ ಒಂಬತ್ತು ವಾಹನಗಳು ಓಡಾಡಿದ್ದವು. ಎಂಟು ಸುತ್ತಲಿನ ಗೋದಾಮುಗಳವು. ಒಂಬತ್ತನೆಯದು ಅಬುಧಾಬಿ ನಂಬರಿನ ಪಿಕಪ್, ಮದೀನತ್ ಜಾಯೆದ್ ಹತ್ತಿರದ ತೋಟವೊಂದರದು. ವಾರಕ್ಕೊಮ್ಮೆ ಮೇವಿನ ಮೂಟೆ ಒಯ್ಯಲು ಬರುತ್ತಿತ್ತು. ತಾನು ಚಹಾಕ್ಕೆ ಹೋದಾಗ ಕೆಲಸದವನು ಹಿಂದೆ ಮೂಟೆಗಳ ನಡುವೆ ಕೂತಿದ್ದ ಎಂದ ಡ್ರೈವರ್. ತೋಟದ ಕೆಲಸದವರ ಪಟ್ಟಿಯಲ್ಲಿ ಕರ್ನಾಟಕದ ಕರಾವಳಿಯವನು ಒಬ್ಬನೇ: ಮೋಹನದಾಸ್, ಐವತ್ತೇಳು ವರ್ಷ, ಊರು ಮಲ್ಪೆಯ ಹತ್ತಿರ. ಹೆಸರು ಎಲ್ಲೋ ಕೇಳಿದಂತೆ ಮುಹಿಯುದ್ದೀನ್‌ಗೆ ಅನ್ನಿಸಿತು. ಮೋಹನದಾಸರು ಎಷ್ಟೋ ಮಂದಿ ಇರುತ್ತಾರೆ ಎಂದು ಸುಮ್ಮನಾದ.

ಗುರುವಾರ, 23ನೇ ತಾರೀಕು. ಅಬುಧಾಬಿ ಪೊಲೀಸರ ಜೊತೆ ಬೆಳಿಗ್ಗೆ 11.20ಕ್ಕೆ ತೋಟ ತಲುಪಿದರು. ಯಜಮಾನ ವಯಸ್ಸಾದವರು. ಗಾಳಿ ಬಂದೂಕು ನರಿ ಓಡಿಸಲು ಇಟ್ಟದ್ದು, ಲೈಸೆನ್ಸ್ ಇದೆ ಎಂದರು.

"ಗುಂಡುಗಳು?"

"ನನ್ನ ಕಾರಿನಲ್ಲಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿ. ಗುಂಡಿಲ್ಲದ ಬಂದೂಕಿನಿಂದ ಯಾರಿಗೇನು ತೊಂದರೆ ಅಂದುಕೊಂಡಿದ್ದೆ."

ಮೋಹನದಾಸ್ ಎರಡೂ ಕೈಯಲ್ಲಿ ಬಕೆಟ್ ಹಿಡಿದು ಬರುತ್ತಿದ್ದ. ಸಮವಸ್ತ್ರ ಕಂಡು ನಿಂತ. "ಆಡುಗಳಿಗೆ ನೀರು ಹಾಕಿ ಬರ್ತೇನೆ" ಎಂದ. ಮುಹಿಯುದ್ದೀನ್ ಅನುವಾದಿಸಿದ. ಕ್ಯಾಪ್ಟನ್ ಕಾದರು.

ಪಂಚನಾಮೆ 11.45ಕ್ಕೆ ಶುರುವಾಯಿತು. ಆಡಿನ ದೊಡ್ಡಿಯ ಹಿಂದೆ, ಖರ್ಜೂರದ ಮರಕ್ಕೆ ಒಂದು ಹಾಸಿಗೆಯನ್ನು ನಿಲ್ಲಿಸಿ ಕಟ್ಟಲಾಗಿತ್ತು. ಅದರಲ್ಲಿ ನಲವತ್ತೊಂದು ತೂತು. ಮೇಲಿನವು ಚೆಲ್ಲಾಪಿಲ್ಲಿ, ಕೆಳಗೆ ಬರುತ್ತ ಒಂದಕ್ಕೊಂದು ಹತ್ತಿರವಾಗಿ, ಕೊನೆಯ ಹತ್ತು ಒಂದು ಅಂಗೈಯೊಳಗೆ. ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದಾನೆ ಎಂದು ಕ್ಯಾಪ್ಟನ್ ಬರೆಸಿದರು. ಕೋಣೆಯಲ್ಲಿ ಹಾಸಿಗೆ ಇರಲಿಲ್ಲ, ನೆಲದ ಮೇಲೆ ಗೋಣಿ ಹಾಸಿತ್ತು. ಗ್ಯಾಸ್ ಒಲೆ, ಸೀಸ ಅಂಟಿದ ಬಾಣಲೆ, ತಂತಿ ಸುತ್ತಿದ ಎರಡು ಬಿಳಿ ಓಡು, ಉಪ್ಪಿನಕಾಯಿಯ ಖಾಲಿ ಬಾಟಲಿಯಲ್ಲಿ ಹನ್ನೊಂದು ಗುಂಡು. ಮೊಳೆಗೆ ಒಂದು ಬೀಸುಬಲೆ ನೇತುಹಾಕಿತ್ತು. ಬಲೆಯ ಅಂಚಿನಲ್ಲಿ ಸೀಸದ ಮಣಿಗಳಿದ್ದ ಜಾಗವೆಲ್ಲ ಖಾಲಿ.

ಟ್ರಂಕಿನ ತಳದಲ್ಲಿ ನ್ಯಾಯಾಲಯದ ತೀರ್ಪಿನ ಕನ್ನಡ ಅನುವಾದ ಸಿಕ್ಕಿತು. 2023ರ ಆಗಸ್ಟ್ ತಿಂಗಳಲ್ಲಿ ಡೆಲಿವರಿ ಬೈಕಿನ ರಿತೇಶ್ ಎಂಬ ಇಪ್ಪತ್ತನಾಲ್ಕು ವರ್ಷದವನು ಕಾರು ಬಡಿದು ಸತ್ತ ಪ್ರಕರಣ. ಕಾರಿನ ನಂಬರಿನ ಕೆಳಗೆ ಗೆರೆ ಎಳೆದಿತ್ತು: 14918. ಕೊನೆಯ ಪುಟದಲ್ಲಿ ಅನುವಾದಕನ ಸಹಿ ಮತ್ತು ಮೊಹರು. ಮುಹಿಯುದ್ದೀನ್ ತನ್ನದೇ ಸಹಿಯನ್ನು ನೋಡುತ್ತ ನಿಂತ.

ವಿಚಾರಣೆ ಮಧ್ಯಾಹ್ನ 2.20ಕ್ಕೆ. ಮೋಹನದಾಸ್ ಯಾವುದನ್ನೂ ಅಲ್ಲಗಳೆಯಲಿಲ್ಲ.

"ಸೀಸ ಎಲ್ಲಿಂದ?"

"ಬಲೆಯದ್ದು. ನಾನೇ ನೇಯ್ದು ಮಗ ರಿತೇಶ್‌ಗೆ ಕೊಟ್ಟದ್ದು, ರಜೆ ದಿನ ಇಲ್ಲಿ ಕಡಲಿಗೆ ಹಾಕ್ತಿದ್ದ. ಅವನ ಸಾಮಾನಿನ ಒಟ್ಟಿಗೆ ಬಂತು. ಅದನ್ನೇ ಕರಗಿಸಿದೆ."

"ಈ ತೋಟದ ಕೆಲಸಕ್ಕೆ ಬಂದದ್ದು ಯಾಕೆ?"

"ಮಗನಿಗೆ ಕಾರು ಬಡಿದವನನ್ನು ಹುಡುಕ್ಲಿಕ್ಕೆ. ಈ ದೇಶಕ್ಕೆ ಮತ್ತೆ ಬರ್ಲಿಕ್ಕೆ ಸಿಕ್ಕಿದ್ದು ಇದೇ ಕೆಲಸ. ಏಳು ತಿಂಗಳು ಜೈಲು ಆಯ್ತಂತೆ ಅವನಿಗೆ, ಅಷ್ಟೇ. ನನ್ನ ಹೆಂಡತಿ ಚಂದ್ರಮತಿ ಇವತ್ತಿಗೂ ದಿನಾ ಮಗನ ಫೋನಿಗೆ ಕಾಲ್ ಮಾಡ್ತಾಳೆ. ಸ್ವಿಚ್ ಆಫ್ ಅಂತ ಬರ್ತದೆ. ಮರುದಿನ ಮತ್ತೆ ಮಾಡ್ತಾಳೆ. ಅದನ್ನು ಕೇಳಿಕೊಂಡು ಮನೆಯಲ್ಲಿ ಇರ್ಲಿಕ್ಕೆ ನನ್ನಿಂದ ಆಗ್ಲಿಲ್ಲ."

"ಅವನ ಮುಖ ನೋಡಿದ್ದೆಯಾ?"

"ಇಲ್ಲ. ನಂಬರ್ ನೋಡಿದ್ದು. ಅಲ್ ಕೂಜ್‌ನಲ್ಲಿ ಅದೇ ಗೇಟಿನ ಹತ್ರ ಮೂರು ವಾರ ನೋಡಿದೆ." ಅವನು ತಲೆಯೆತ್ತಿದ. "ಯಾಕೆ ಹೊಡೆದದ್ದು ಅಂತ ಅವನಿಗೆ ಗೊತ್ತಾಯ್ತಾ ಸಾಹೇಬ್ರೆ?"

ಈ ಪ್ರಶ್ನೆಯನ್ನು ಮುಹಿಯುದ್ದೀನ್ ಅನುವಾದಿಸಲಿಲ್ಲ. ತಾನೇ ಉತ್ತರ ಕೊಟ್ಟ.

"ಅದು ಅವನಲ್ಲ ಮೋಹನಣ್ಣ. ರಿತೇಶ್‌ಗೆ ಬಡಿದವನು ನಂಬರ್ ಮಾರಿ ದೇಶ ಬಿಟ್ಟು ಹೋಗಿದ್ದಾನೆ ಅಂತ ಈಗಷ್ಟೇ ದಾಖಲೆ ಬಂತು. ಸತ್ತವ ನಮ್ಮ ಮಂಗಳೂರಿನವ. ಮಗಳು ಹುಟ್ಟಿದ ದಿನ ಅಂತ ಆ ನಂಬರ್ ತಗೊಂಡದ್ದು. ಆರು ವರ್ಷ ಅವಳಿಗೆ."

ಮೋಹನದಾಸ್ ತನ್ನ ಕೈಗಳನ್ನು ನೋಡಿಕೊಂಡ. ಆಮೇಲೆ ದೂರುವ ದನಿಯಲ್ಲಲ್ಲ, ದಾರಿ ತಪ್ಪಿದವನು ದಾರಿ ಕೇಳುವ ದನಿಯಲ್ಲಿ ಕೇಳಿದ:

"ಊರಲ್ಲಿ ನಂಬರ್ ಗಾಡಿಯದ್ದು, ಇಲ್ಲಿ ಮನುಷ್ಯನದ್ದು, ಗಾಡಿ ಎಷ್ಟು ಬದಲಿಸಿದರೂ ನಂಬರ್ ಅವನ ಒಟ್ಟಿಗೇ ಇರ್ತದೆ ಅಂತ ನೀವೇ ಹೇಳಿದ್ದಲ್ವಾ? ಕೋರ್ಟಿನ ಎದುರು ಚಹಾ ಕುಡೀವಾಗ?"

ಮುಹಿಯುದ್ದೀನ್‌ಗೆ ನೆನಪಾಯಿತು. ಮಗನ ತೀರ್ಪಿನ ಕಾಗದ ಮಡಿಸಿಕೊಂಡು, ಚಹಾ ಮುಟ್ಟದೆ ಕೂತಿದ್ದ ಮನುಷ್ಯ. ಆ ಮೌನ ತುಂಬಲು ತಾನು ಆಡುತ್ತಲೇ ಹೋದ ಮಾತುಗಳು. ನಂಬರನ್ನು ಮಾರಲೂಬಹುದು ಎಂಬ ಇನ್ನೊಂದು ವಾಕ್ಯ ಅಂದು ಅವನ ಬಾಯಿಗೆ ಬಂದಿರಲಿಲ್ಲ.

"ಏನೆಂದ?" ಕ್ಯಾಪ್ಟನ್ ಕೇಳಿದರು.

ಮುಹಿಯುದ್ದೀನ್ ಅರಬ್ಬಿಯಲ್ಲಿ ಹೇಳಿದ, ಒಂದು ಶಬ್ದವನ್ನೂ ಬಿಡದೆ. ಕ್ಯಾಪ್ಟನ್ ಅವನ ಮುಖವನ್ನೇ ನೋಡಿದರು.

"ನಿಜವೇ?"

"ನಿಜ."

"ಕಾನೂನಿನಲ್ಲಿ ಅದು ಅಪರಾಧವಲ್ಲ."

"ಬರೆಯಲೇ ಸರ್?"

"ಬರೆ."

3.35ಕ್ಕೆ ಮೋಹನದಾಸ್‌ನ ಬಂಧನ ದಾಖಲಾಯಿತು. ಹೇಳಿಕೆಯ ಕೆಳಗೆ ಅವನು ಸಹಿ ಮಾಡಿದ, ಅದರ ಕೆಳಗೆ ಮುಹಿಯುದ್ದೀನ್.

ಮರುದಿನ ಸಂಜೆ ಐದಕ್ಕೆ ಮುಹಿಯುದ್ದೀನ್ ಬರ್ ದುಬೈಯ ಫ್ಲ್ಯಾಟಿನ ಗಂಟೆ ಒತ್ತಿದ. ಮೂಟೆ ಕಟ್ಟಿದ ಸಾಮಾನುಗಳ ನಡುವೆ ಮಾರ್ಟಿನಾ ಕುರ್ಚಿಯೊಂದನ್ನು ಖಾಲಿ ಮಾಡಿ ಕೊಟ್ಟಳು. ಅವನು ನಿಂತೇ ಎಲ್ಲವನ್ನೂ ಹೇಳಿದ, ಬೈಕಿನ ಹುಡುಗನಿಂದ ಹಿಡಿದು ನಂಬರಿನವರೆಗೆ. ಒಳಗಿನ ಕೋಣೆಯಲ್ಲಿ ಆನ್ ಮರಿಯಾ ಟಿವಿಯ ಜೊತೆ ಇಂಗ್ಲಿಷಿನಲ್ಲಿ ಹಾಡುತ್ತಿದ್ದಳು.

"ನಂಬರ್ ಸಿಕ್ಕಿದ್ರೆ ಮನುಷ್ಯ ಸಿಕ್ಕಿದ ಹಾಗೆ ಅಂತ ಅಂವ ಅಂದುಕೊಂಡದ್ದಾ?" ಮಾರ್ಟಿನಾ ಕೇಳಿದಳು. "ಅವನಿಗೆ ಹಾಗೆ ಹೇಳಿಕೊಟ್ಟದ್ದು ಯಾರು ಭಾಯಿ?"

"ನಾನು" ಎಂದ ಮುಹಿಯುದ್ದೀನ್.