ಹೊತ್ತು ಇಳದ ಮ್ಯಾಲೆ ಬೇಡಿದ ಭಿಕ್ಷಾ

ದತ್ತ ಜಯಂತಿ ಬಂತಂದ್ರ ಗಾಣಗಾಪುರದಾಗ ಸೂಜಿ ಊರಾಕ ಜಾಗಾ ಬೇಕಂದ್ರೂ ಬಾಡಿಗಿ ಕೇಳ್ತಾರ. ಪುಣೆ, ಸೊಲ್ಲಾಪುರ ಎರಡೂ ಊರು ಕೀಲಿ ಹಾಕ್ಕೊಂಡು ಬಂದು ಭೀಮಾ ನದಿ ದಂಡಿಗೆ ಕುಂತಿರ್ತಾವ. ಲಾಡ್ಜು ಫುಲ್, ಧರ್ಮಶಾಲಿ ಫುಲ್, ಸಂಗಮದಾಗ ನೀರಿಗಿಂತ ಮಂದೀನೇ ಜಾಸ್ತಿ.

ಅಂಥಾ ಗದ್ದಲದಾಗ ಒಬ್ಬಾಂವ ಹೆಗಲಿಗೆ ಚೀಲ ಹಾಕ್ಕೊಂಡು ವಿದ್ಯಾವತಿ ಮನಿ ಬಾಗಿಲಿಗೆ ಬಂದು ನಿಂತ.

"ಖೋಲಿ ಅದಾವೇನ್ರಿ?"

ಒಂದು ಖೋಲಿನೂ ಖಾಲಿ ಇರಲಿಲ್ಲ. ವಿದ್ಯಾವತಿ "ಹೂಂ" ಅಂದ್ಲು.

ಅಕಿ ಎಲ್ಲಾದಕ್ಕೂ ಹೂಂ ಅಂತಿದ್ಲು. ಗಂಡ ಮಹೇಶ ಅಫಜಲಪುರದಿಂದ ಬೈಕಿನ ಮ್ಯಾಲೆ ಬರೋ ಮುಂದ ದಾರ್ಯಾಗೇ ತೀರಿಕೊಂಡು ಎರಡು ವರ್ಷ ಆಗಿತ್ತು. ಅವತ್ತು ಊರ ಮಂದಿ ಅತ್ತ ಕಣ್ಣೀರಿಗೆ ಭೀಮಾಕ್ಕ ಮಹಾಪೂರ ಬರಬೇಕಿತ್ತು. ಇಕಿ ಕಣ್ಣಾಗ ಮಾತ್ರ ಒಂದು ಹನಿ ಬರಲಿಲ್ಲ. ಅವತ್ತಿಂದ ಒಳಗ ಯಾರೋ ಮೇನ್ ಸ್ವಿಚ್ ಇಳಿಸಿಬಿಟ್ಟಂಗ. ಚಹಾ ಬಿಸಿ ಅದನೋ ಆರ್ಯದನೋ ತಿಳೀತಿರಲಿಲ್ಲ. ಬಿಸಿಲು, ನೆರಳು ಎರಡೂ ಒಂದೇ.

ದಸರಾಕ್ಕ ಜೇವರ್ಗಿಯಿಂದ ಅಣ್ಣ ಕಲ್ಲಿನಾಥ ಬಂದಿದ್ದ. "ಜಯಂತಿ ಮುಗೀಲಿ, ನಮ್ಮನಿಗೆ ಬಂದುಬಿಡು. ಈ ಮನಿ ಯಾರಿಗರೆ ಲೀಜಿಗೆ ಕೊಡೋಣು," ಅಂದ. ಅದಕ್ಕೂ ಹೂಂ.

ಅತ್ತಿ ಕಸ್ತೂರಿಬಾಯಿಗೆ ಆ ಹೂಂ ಕೇಳಿದ್ರ ಮೈಯೆಲ್ಲ ಉರೀತಿತ್ತು. "ನಾ ಆಳಂದಕ್ಕ ಮಗಳ ಮನಿಗೆ ಹೋಗಿ ಬೀಳ್ತೇನಿ. ನೀ ಜೀವನಪೂರ್ತಿ ಅಣ್ಣನ ಮನ್ಯಾಗ ಮುಸುರಿ ತಿಕ್ಕಬೇಕಾ? ಅದಕ್ಕಿಂತ ಉಡಿಕಿ ಮಾಡ್ಕೋ ಬೇ, ಮತ್ತೊಂದು ಲಗ್ನ ಆಗು. ಸತ್ತಾಂವ ನನ್ನ ಮಗ. ನಾನೇ ಹೇಳಾಕತ್ತೇನಿ."

"ಹೂಂ."

"ಹೂಂ ಅಂದ್ರ ಏನು? ಅಣ್ಣನ ಮನಿಗೆ ಹೂಂನೋ, ಉಡಿಕಿಗೆ ಹೂಂನೋ?"

ವಿದ್ಯಾವತಿಗೆ ಅದೂ ಗೊತ್ತಿರಲಿಲ್ಲ.

ಇಂಥಾ ಮನಿಗೆ ಬಂದಾಂವ ಸಿದ್ದಲಿಂಗ. ಭೂಸನೂರ ಕಡ್ಯಾಂವ, ಕಬ್ಬಿನ ಟ್ರ್ಯಾಕ್ಟರ್ ಹೊಡೀತಿದ್ದ. ಸಣ್ಣಾಂವಿದ್ದಾಗ ಬ್ಯಾನಿ ಬಿದ್ದು ಹೋದಂಗೇ ಆಗಿದ್ದನಂತ. ಅವ್ವ ದತ್ತಗ ಹರಕಿ ಹೊತ್ತಿದ್ಲು, ಮಗ ಉಳದ್ರ ಗಾಣಗಾಪುರದಾಗ ಭಿಕ್ಷಾ ಬೇಡಸ್ತೇನಿ ಅಂತ. ಮಗ ಉಳಿದ, ಕಂಬದಂಗ ಬೆಳೆದ, ಹರಕಿ ಮಾತ್ರ ಉಳದುಬಿಟ್ಟಿತ್ತು. ಈ ಶ್ರಾವಣದಾಗ ಅವ್ವ ಹೋದ್ಲು. ಆ ಹರಕಿ ತೀರಸಾಕಂತ ಕಬ್ಬಿನ ಸೀಜನ್ ಬಿಟ್ಟು ಬಂದಿದ್ದ.

"ಎಲ್ಲಿ ಮಲಗಸ್ತೀ ಇವನ್ನ? ನನ್ನ ತಲಿ ಮ್ಯಾಲೇನು?" ಕಸ್ತೂರಿಬಾಯಿ ಕೇಳಿದ್ಲು.

"ಎಲ್ಲಿಯರೆ ನಡೀತದ್ರಿ. ಅಕ್ಕಾರು ಹೂಂ ಅಂದ್ರಲ್ಲ, ಅದಕ್ಕ..."

"ಅಕ್ಕ ಅನಬ್ಯಾಡಪಾ. ಅಕಿಗೆ ತಮ್ಮಂದ್ರು ಬ್ಯಾಡಾಗ್ಯಾರ." ಮುದಕಿ ಅವನ್ನ ಅಂಗಾಲಿಂದ ನೆತ್ತಿತನಕ ನೋಡಿದ್ಲು. "ಹೆಂಡ್ತಿ ಬರಲಿಲ್ಲೇನು?"

"ಸೋಡಚೀಟಿ ಆಗಿ ಭಾಳ ವರ್ಷ ಆತ್ರಿ. ಅಕಿ ಮತ್ತೊಬ್ಬರ ಮನ್ಯಾಗ ಆರಾಮ ಅದಾಳ."

"ಹಂಗಾರ ಮಾಳಿಗಿ ಮ್ಯಾಲೆ ಜ್ವಾಳದ ಚೀಲ ಸರಿಸಿ ಮಲಕ್ಕೋ," ಅಂದು ಮುದಕಿ ತಾನೇ ಹಾಸಿಗಿ ತಂದುಕೊಟ್ಲು. ಸ್ವಂತ ಅಳಿಯಗೂ ಅಷ್ಟು ಮೆತ್ತನ್ನ ಹಾಸಿಗಿ ಕೊಟ್ಟಿರಲಿಲ್ಲ.

ಮಧ್ಯಾಹ್ನಕ್ಕ ದತ್ತ ಮಹಾರಾಜ್ರು ಯಾವ ವೇಷದಾಗರೆ ಭಿಕ್ಷಾಕ್ಕ ಬರ್ತಾರಂತ ಆ ಊರಿನ ನಂಬಿಕಿ. ಅದಕ್ಕ ಕಾರಿನ್ಯಾಗ ಬಂದ ಸಾಹುಕಾರನೂ ಜೋಳಿಗಿ ಹಿಡದು ಐದು ಮನಿ ಬೇಡ್ತಾನ. ಕೊಡೋರು ಆ ಹೊತ್ತಿನ್ಯಾಗ ಇಲ್ಲ ಅನ್ನಂಗಿಲ್ಲ, ಮೊದಲೇ ರುಚಿ ನೋಡಂಗಿಲ್ಲ. ಉಣ್ಣೋರು ಹೆಸರಿಡಂಗಿಲ್ಲ, ಕೊರತಿ ಹೇಳಂಗಿಲ್ಲ. ಐದೂ ಮನೀದು ಕಲಸಿ, ಕಣ್ಣಿಗೊತ್ತಿ ಉಣ್ಣಬೇಕು.

ಮೊದಲನೇ ದಿನ ಸಿದ್ದಲಿಂಗ ಬಾಗಿಲಾಗ ನಿಂತ. ಟ್ರ್ಯಾಕ್ಟರ್ ಹಾರ್ನಿಗೆ ಪೈಪೋಟಿ ಕೊಡೋ ದನಿ ಅವಂದು. ಅವತ್ತು ಬರೇ ಜೋಳಿಗಿ ಒಡ್ಡಿದ. ನಾಚಿಕಿಗೆ ಅವ ವಿದ್ಯಾವತಿಯ ಮಾರಿ ನೋಡಲಿಲ್ಲ. ಅಕಿ ಮುಂಗೈಗೆ ಹತ್ತಿದ ಜ್ವಾಳದ ಹಿಟ್ಟು ನೋಡಿದ. ಅಲ್ಲಿಂದ ಬಳಿ ಇಲ್ಲದ ಕೈ ನೋಡಿದ. ಅಲ್ಲಿಂದ ಹೊಸ್ತಿಲ ನೋಡಿದ.

"ಬಾಯಿ ಬಿಟ್ಟು ಬೇಡೋ," ಕಸ್ತೂರಿಬಾಯಿ ಒಳಗಿಂದ ಒದರಿದ್ಲು. "ಹೊಸ್ತಿಲ ರೊಟ್ಟಿ ಕೊಡಂಗಿಲ್ಲ."

"ಭವತಿ... ಭಿಕ್ಷಾಂದೇಹಿ," ಅಂದ, ಶಾಲಿ ಹುಡುಗ ತಪ್ಪು ಒಪ್ಪಿಕೊಂಡಂಗ.

ವಿದ್ಯಾವತಿ ರೊಟ್ಟಿ ಹಾಕಿದ್ಲು, ಡಬ್ಬಿಗೆ ಬ್ಯಾಳಿ ಸುರದ್ಲು. ದಿನಾ ಹಂಗೇ ನಡೀತು. ಜಯಂತಿಗೆ ಇನ್ನ ನಾಕು ದಿನ ಅದ ಅನ್ನೋ ಮುಂದ ಅವ ಉಂಡು ಡಬ್ಬಿ ತೊಳದು ತಂದಿಟ್ಟು, ಅಡಗಿ ಮನಿ ಬಾಗಿಲಾಗೇ ತಿರುಗಾಡಾಕತ್ತಿದ.

"ಒಂದು ಮಾತಿತ್ತು. ಹೇಳಿದ್ರ ಪಾಪ ಬರ್ತದೋ ಏನೋ."

"ಹೇಳ್ರಿ."

"ಬ್ಯಾಳ್ಯಾಗ ಉಪ್ಪಿಲ್ರಿ."

"ಇವತ್ತ?"

"ನಾ ಬಂದಾಗಿಂದ."

ವಿದ್ಯಾವತಿ ಒಂದು ಚಮಚ ಬಾಯಾಗ ಹಾಕ್ಕೊಂಡ್ಲು. ಏನೂ ತಿಳೀಲಿಲ್ಲ. ದಿನಾ ಅದನ್ನೇ ಉಂಡಿದ್ಲು, ದಿನಾ ಏನೂ ತಿಳಿದಿರಲಿಲ್ಲ. ಉಪ್ಪಿನ ಭರಣಿ ತಗದ್ರ ಒಳಗ ಉಪ್ಪು ಗಟ್ಟಿಯಾಗಿ ಕಲ್ಲಾಗಿ ಕುಂತಿತ್ತು. ಕಸ್ತೂರಿಬಾಯಿಗೆ ಬಿ.ಪಿ.; ಡಾಕ್ಟರು ಉಪ್ಪು ಬಂದ್ ಮಾಡಿದ್ರು, ಹಿಂಗಾಗಿ ಅಕಿಗೂ ಗೊತ್ತಾಗಿರಲಿಲ್ಲ. ಬಾಡಿಗಿ ಮಂದಿ ಹೊರಗ ಹೋಟೆಲದಾಗ ಉಣ್ತಿದ್ರು. ಭಿಕ್ಷಾದವರು ಹೆಸರಿಡದೇ ಕೈಮುಗಿದು ಹೋಗಿದ್ರು.

ಕಸ್ತೂರಿಬಾಯಿ ನಕ್ಕ ಭರಕ್ಕ ಮಾಳಿಗಿ ಮಣ್ಣು ಉದುರಿತು. "ಎರಡು ವರ್ಷ ದತ್ತ ಮಹಾರಾಜ್ರಿಗೆ ಬಿ.ಪಿ. ಪಥ್ಯಾ ಮಾಡ್ಸಿದೆಲ್ಲ ಬೇ!" ಅಂದ್ಲು. ಆಮ್ಯಾಲೆ ಏನೋ ಹೊಳದಂಗಾಗಿ ನಗೂದು ನಿಲ್ಲಿಸಿ ಸಿದ್ದಲಿಂಗನ ಕಡೆ ತಿರುಗಿದ್ಲು. "ತಡಿ ತಡಿ. ಐದೂ ಮನೀದು ಕಲಸಿ ಉಣ್ಣಬೇಕಲ್ಲೋ? ಇಕಿ ಬ್ಯಾಳ್ಯಾಗೇ ಉಪ್ಪಿಲ್ಲಂತ ನಿನಗ ಹ್ಯಾಂಗ ಗೊತ್ತಾತು?"

ಸಿದ್ದಲಿಂಗನ ಕಿವಿ ದಾಸವಾಳ ಹೂವಿನಂಗ ಕೆಂಪಾದ್ವು.

"ಇಕೀದು ಬ್ಯಾರೆ ಡಬ್ಬಿನೇನು? ಕಡೀಗೆ ಒಬ್ಬಾಂವೇ ಕುಂತು ಉಣ್ತೀಯೇನು?"

"ಬಿಡ್ರಿ ಅಮ್ಮಾ," ಅಂದು ಅವ ಮಾಳಿಗಿ ಮೆಟ್ಟಲ ಹಾರಿ ಹಾರಿ ಏರಿದ.

ವಿದ್ಯಾವತಿಗೆ ಏನೂ ಆಗಲಿಲ್ಲ. ಎದಿ ಢವಢವ ಅನ್ನಲಿಲ್ಲ, ಮೈ ಝುಂ ಅನ್ನಲಿಲ್ಲ. ಬರೇ ಒಬ್ಬರ ಕಿವಿ ಕೆಂಪಾಗಿದ್ದು ಕಣ್ಣಿಗೆ ಬಿದ್ದಿತ್ತು. ಎರಡು ವರ್ಷದಾಗ ಕಣ್ಣಿಗೆ ಬಿದ್ದ ಮೊದಲನೇ ಬಣ್ಣ ಅದು.

ಮರುದಿನದಿಂದ ಅಕಿ ಕೇಳಾಕತ್ತಿದ್ಲು. "ಉಪ್ಪು?"

"ಬರೋಬ್ಬರಿ ಅದರಿ."

ಒಂದಿನ ಕೈ ತಪ್ಪಿ ಎರಡು ಸಲ ಬಿತ್ತು. "ಉಪ್ಪು?" ಅಂದ್ರ ಅವ ತಂಬಿಗಿ ನೀರು ಗಟಗಟ ಕುಡದು, "ಬರೋಬ್ಬರಿ," ಅಂದ.

"ಸುಳ್ಳು ಹೇಳಬ್ಯಾಡ್ರಿ. ನಾನೂ ಉಂಡೇನಿ."

"ಹೌದಾ? ನಿಮಗ ತಿಳೀತೇನು?"

"ನಾಲಿಗಿ ತುದಿಗೆ ಸ್ವಲ್ಪ."

ಅವ ನಕ್ಕ. ಅಕಿಗೆ ನಗು ಬರಲಿಲ್ಲ. ಆದ್ರ ನಗು ಮಾರಿ ಮ್ಯಾಲೆ ಎಲ್ಲಿ ಬರ್ತಿತ್ತು ಅನ್ನೋದು ನೆನಪಾತು.

ಜಯಂತಿ ಆತು. ಮರುದಿನ ಮುಂಜಾನೆ ಕಲ್ಲಿನಾಥ ಜೀಪು ತಗೊಂಡು ಬಂದ. ಟ್ರಂಕು ಹೇರಿದ. "ಊಟ ಮಾಡಿ ಬಿಡೋಣು. ಸಾಮಾನ ಇಷ್ಟೇನಾ?"

"ಹೂಂ."

ಕಸ್ತೂರಿಬಾಯಿ ಕಟ್ಟಿ ಮ್ಯಾಲೆ ಬೆನ್ನು ಮಾಡಿ ಕುಂತಿದ್ಲು.

ಮಧ್ಯಾಹ್ನಕ್ಕ ಸಿದ್ದಲಿಂಗ ಕಡೇ ಭಿಕ್ಷಾಕ್ಕ ಬಂದ. ಜೀಪು ನೋಡಿದ, ಟ್ರಂಕು ನೋಡಿದ. ಜೋಳಿಗಿ ಒಡ್ಡಿದ, ರೊಟ್ಟಿ ಇಸಗೊಂಡ, ಹ್ವಾದ.

"ಗೂಂಗಾ ಅದಾನ," ಮುದಕಿ ಹಲ್ಲು ಕಡದ್ಲು, ಇದ್ದ ಎರಡು ಹಲ್ಲು. "ಬಾಯಿ ಒಳಗ ಕಬ್ಬು ತುರುಕಿದಂಗ. ಒಂದು ಮಾತು ಕೇಳಿದ್ರ ಅವನ ಗಂಟೇನು ಹೋಗ್ತಿತ್ತು?"

ವಿದ್ಯಾವತಿ ಬಾಂಡೆ ತೊಳದ್ಲು. ಒಲಿ ಸಾರಿಸಿದ್ಲು. ಅಂಗಳದಾಗಿನ ಬಿಸಿಲು ಗ್ವಾಡಿ ಏರಿತು. ಊರಾಗ ಭಿಕ್ಷಾದ ಗದ್ದಲ ಪೂರಾ ಅಡಗಿತು. ಆವಾಗ ಬಾಗಿಲಾಗ ಅವ ಬಂದು ನಿಂತ. ಜೋಳಿಗಿ ಇಲ್ಲ, ಡಬ್ಬಿ ಇಲ್ಲ, ಖಾಲಿ ಕೈ.

"ಏನು ಬೇಕಿತ್ರಿ?"

"ಆಗಲೇ ಕೇಳಬೇಕಂತ ಬಂದಿದ್ದೆ," ಅಂದ. ಈ ಸಲ ಹೊಸ್ತಿಲ ನೋಡಲಿಲ್ಲ, ಮಾರೀನೇ ನೋಡಿದ. "ಆದ್ರ ಭಿಕ್ಷಾದ ಹೊತ್ತಿನ್ಯಾಗ ಕೇಳಿದ್ರ ನೀವು ಇಲ್ಲ ಅನ್ನಂಗಿಲ್ಲ. ಅದು ಕಸಗೊಂಡಂಗ ಆಗ್ತದ. ಅದಕ್ಕ ಹೊತ್ತು ಇಳಿಯೋತನಕ ಘಾಟಿನ ಮ್ಯಾಲೆ ಕುಂತಿದ್ದೆ. ಈಗ ನೀವು ಒಲ್ಲೆ ಅನಬಹುದು."

ವಿದ್ಯಾವತಿ ಕೈಯಾಗಿನ ಸಾರಿಸೋ ಅರಬಿ ಕೆಳಗಿಟ್ಲು.

"ನನ್ನ ಕೂಡ ಉಡಿಕಿ ಆಗ್ತೀರೇನ್ರಿ?"

ಬಾಯಿ ತುದಿಗೆ ದಿನದ ಹೂಂ ಬಂದು ನಿಂತಿತ್ತು. ಎರಡು ವರ್ಷದಾಗ ಮೊದಲನೇ ಸಲ ಅಕಿ ಅದನ್ನ ನುಂಗಿಕೊಂಡ್ಲು.

"ನನ್ನೊಳಗ ಏನೂ ಆಗವಲ್ದ್ರಿ," ಅಂದ್ಲು. "ಈಗ ಹೂಂ ಅಂದ್ರ ಅದು ಸುಳ್ಳು ಆಗ್ತದ."

"ಹಂಗಾರ ಒಲ್ಲೆ ಅನ್ರಿ. ನಾ ಹೋಗ್ತೇನಿ."

"ಅದೂ ಸುಳ್ಳು ಆಗ್ತದ."

ಕಟ್ಟಿ ಮ್ಯಾಲೆ ಕಸ್ತೂರಿಬಾಯಿ ಉಸುರು ಹಿಡದು ಕುಂತಿದ್ಲು; ಊರಿನ ನಾಯಿಗಳೂ ಬೊಗಳೋದು ಬಿಟ್ಟಿದ್ವು. ಹೊರಗ ಜೀಪಿನ ಹಾರ್ನು ಆತು. "ವಿದ್ಯಾ, ಲಗೂ ಬಾ!"

ವಿದ್ಯಾವತಿ ಹೊರಗ ಹೋದ್ಲು. "ಅಣ್ಣಾ, ಟ್ರಂಕು ಇಳಸು."

"ಯಾಕ?"

"ನಾ ಬರಂಗಿಲ್ಲ."

ಕಲ್ಲಿನಾಥ ಬಾಯಿ ತಗದಾಂವ ಮುಚ್ಚಲಿಲ್ಲ. ತಂಗಿ ಬಾಯಾಗಿಂದ ಇಲ್ಲ ಅನ್ನೋ ಮಾತು ಅವ ಮರತೇ ಹೋಗಿದ್ದ. "ಮತ್ತ ಇಲ್ಲಿ ಏನ್ ಮಾಡ್ತೀ?"

"ಖೋಲಿ ಕೊಡ್ತೇನಿ. ಬ್ಯಾಳಿ ಕುದಸ್ತೇನಿ. ಅತ್ತಿ ಕೂಡ ಜಗಳಾಡ್ತೇನಿ."

"ಆಡು ಯವ್ವಾ, ಆಡು," ಅಂದ್ಲು ಮುದಕಿ, ಸೆರಗಿನಿಂದ ಕಣ್ಣು ಒರಿಸ್ಕೋತ.

ಟ್ರಂಕು ಇಳಿಸಿ ಒಳಗ ತಂದಿಟ್ಟಾಂವ ಸಿದ್ದಲಿಂಗ. ಬಾಗಿಲಾಗ ಅವ ಹೊಳ್ಳಿ ನಿಂತಾಗ ವಿದ್ಯಾವತಿ ಮೆಲ್ಲಕ ಅಂದ್ಲು, "ಸಂಕ್ರಮಣಕ್ಕ ಬರ್ರಿ. ಮತ್ತ ಕೇಳ್ರಿ. ಆವಾಗೂ ಏನೂ ಆಗಲಿಲ್ಲಂದ್ರ ಹಂಗೇ ಹೇಳ್ತೇನಿ."

"ಹೇಳ್ರಿ. ಮತ್ತ ಯುಗಾದಿಗೆ ಬರ್ತೇನಿ." ಚೀಲ ಹೆಗಲಿಗೆ ಏರಿಸಿದ. ಎರಡು ಹೆಜ್ಜಿ ಹೋಗಿ ತಿರುಗಿದ. "ಸಂಕ್ರಮಣಕ್ಕ ಮಧ್ಯಾಹ್ನ ಮುಗದ ಮ್ಯಾಲೇ ಬರಲೇನ್ರಿ?"

"ಅಷ್ಟೊತ್ತನಕ ಯಾರು ಕಾಯ್ತಾರ?" ಅಂದ್ಲು. "ಮುಂಜಾನೆ ಬರ್ರಿ. ನಾಷ್ಟಾಕ್ಕ."