ಬಾಡದೆಲೆಯ ಛತ್ರ

ಬಹಳ ಬಹಳ ಹಿಂದೆ, ಹುಲಿ ಕಾಗೆಗಳಿಗೂ ಮನುಷ್ಯರ ಮಾತು ಬರುತ್ತಿದ್ದ ಕಾಲದಲ್ಲಿ, ತುಂಬೆಗಾವಲು ಅಂತ ಒಂದು ರಾಜ್ಯವಿತ್ತು. ದೊಡ್ಡ ರಾಜ್ಯವೇನಲ್ಲ, ಆದರೆ ಉಂಡುಟ್ಟು ನೆಮ್ಮದಿಯಾಗಿದ್ದ ರಾಜ್ಯ. ಹೊತ್ತು ಇಳಿಯುತ್ತಿದ್ದ ಹಾಗೆ ಮನೆಮನೆಯ ಮಾಡಿನ ಮೇಲೂ ಹೊಗೆ ಏಳುತ್ತಿತ್ತು. ಯಾರ ಮನೆಯಲ್ಲಿ ಹುರುಳಿ ಬೆಂದಿದೆ, ಯಾರ ಮನೆಯಲ್ಲಿ ಸೊಪ್ಪಿಗೆ ಒಗ್ಗರಣೆ ಬಿದ್ದಿದೆ ಎಂದು ಬೀದಿಯಲ್ಲಿ ಹೋಗುವವರಿಗೆ ಮೂಗೇ ಹೇಳುತ್ತಿತ್ತು. ಹುಣ್ಣಿಮೆ ಬಂತೆಂದರೆ ನೆಂಟರು, ಗೆಳೆಯರು, ಅಕ್ಕಪಕ್ಕದವರು ಬುತ್ತಿ ಕಟ್ಟಿಕೊಂಡು ಹೊಳೆದಂಡೆಗೆ ಹೋಗಿ, ಮರಳಿನ ಮೇಲೆ ಸಾಲಾಗಿ ಕೂತು, ಒಬ್ಬರ ಬುತ್ತಿ ಇನ್ನೊಬ್ಬರು ಹಂಚಿಕೊಂಡು ಉಣ್ಣುತ್ತಿದ್ದರು.

ಆ ರಾಜ್ಯದಲ್ಲಿ ಅರಮನೆಯ ಕುದುರೆಗಳಿಗೆ ಲಾಳ ಕಟ್ಟುವ ಚಿಕ್ಕೀರಯ್ಯ ಎಂಬುವವನಿದ್ದ. ಅವನ ಹೆಂಡತಿ ಸಣ್ಣಮ್ಮ. ಅವರಿಗೆ ದೇವೀರಿ ಎಂಬ ಒಬ್ಬಳೇ ಮಗಳು. ಸಣ್ಣಮ್ಮ ಮಗಳನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಮುಂದೆ ಜೀವನಪೂರ್ತಿ ಇದ್ದೇ ಇದೆ, ಈಗ ಆಡಿಕೊಂಡಿರಲಿ ಎನ್ನುತ್ತಿದ್ದಳು. ಹಾಗಾಗಿ ದೇವೀರಿಗೆ ಉಣ್ಣಲು ಗೊತ್ತಿತ್ತು, ಮಾಡಲು ಗೊತ್ತಿರಲಿಲ್ಲ. ಅವಳು ವಯಸ್ಸಿಗೆ ಬಂದ ವರ್ಷ ಸಣ್ಣಮ್ಮನಿಗೆ ಜ್ವರ ಬಂತು. ಕಾಲು ಊದಿಕೊಂಡವು. ಊದಿದ ಕಾಲಿನಲ್ಲೇ ಗೋಡೆ ಹಿಡಿದುಕೊಂಡು ಬಂದು ಗಂಡನಿಗೂ ಮಗಳಿಗೂ ಬಡಿಸಿದಳು. ಆಮೇಲೆ ಮಲಗಿದವಳು ಏಳಲಿಲ್ಲ.

ಅಂದಿನಿಂದ ಅಪ್ಪ ಮಗಳು ಎದುರುಬದುರು ಕೂತು ನೆರೆಯವರು ಕೊಟ್ಟಿದ್ದನ್ನು ತಿನ್ನುತ್ತಿದ್ದರು. ಚಿಕ್ಕೀರಯ್ಯ ಎರಡು ತುತ್ತು ತಿಂದು ಕೈ ತೊಳೆದುಬಿಡುತ್ತಿದ್ದ. ಸಣ್ಣಮ್ಮನ ಹೆಸರನ್ನು ಅವನೂ ಎತ್ತುತ್ತಿರಲಿಲ್ಲ, ಅವಳೂ ಎತ್ತುತ್ತಿರಲಿಲ್ಲ.

ಆಗಲೇ ರಾಜ್ಯದ ಗಡಿಯಲ್ಲಿ, ಹೊಳೆಯ ಆಚೆ, ಒಂದು ಛತ್ರ ಎದ್ದಿತು. ಕಟ್ಟಿದವರನ್ನು ಯಾರೂ ನೋಡಲಿಲ್ಲ. ಹಿಂದಿನ ದಿನ ಬಯಲಿತ್ತು, ಮರುದಿನ ಛತ್ರವಿತ್ತು. ಅದರ ಒಡೆಯ ಒಬ್ಬ ಮಾಯಾವಿ. ಜನ ಅವನನ್ನು ಉಣಿಸಯ್ಯ ಎಂದು ಕರೆದರು. ಅವನ ಛತ್ರದಲ್ಲಿ ಹಾಸಿದ ಬಾಳೆಯೆಲೆ ಬಾಡುತ್ತಿರಲಿಲ್ಲ, ಬರಿದಾಗುತ್ತಿರಲಿಲ್ಲ. ಅಲ್ಲಿ ಬಡಿಸುವವರು ಸತ್ತವರು. ಗಂಡ ಸತ್ತವಳಿಗೆ ಗಂಡ ಬಡಿಸುತ್ತಿದ್ದ. ಅಜ್ಜಿಯನ್ನು ಕಳೆದುಕೊಂಡವನಿಗೆ ಅಜ್ಜಿ ಬಡಿಸುತ್ತಿದ್ದಳು. ಅದೇ ಕೈ, ಅದೇ ರುಚಿ.

ಸುದ್ದಿ ಕೇಳಿ ಜನ ಹೊರಟರು. ಮೊದಲು ಒಬ್ಬೊಬ್ಬರು, ಆಮೇಲೆ ಓಣಿಗೆ ಓಣಿಯೇ ಹೊರಟಿತು. ಸಾವು ಕಾಣದ ಮನೆ ಎಲ್ಲಿದೆ? ಕೊನೆಗೆ ರಾಜನೂ ಹೋದ. ಅವನ ಪುಟ್ಟ ಮಗಳು ಸಿಡುಬು ಬಂದು ತೀರಿಕೊಂಡಿದ್ದಳು. ಹೋದವರು ಯಾರೂ ತಿರುಗಿ ಬರಲಿಲ್ಲ. ಒಂದು ದಿನ ಚಿಕ್ಕೀರಯ್ಯ ಸುತ್ತಿಗೆ ಕೆಳಗಿಟ್ಟು, ಕುದುರೆಯ ಕಾಲನ್ನು ಅರ್ಧಕ್ಕೇ ಬಿಟ್ಟು, ಮಗಳಿಗೂ ಹೇಳದೆ ಎದ್ದು ಹೋದ.

ದೇವೀರಿ ಸಂಜೆಯವರೆಗೆ ಕಾದಳು. ಮರುದಿನವೂ ಕಾದಳು. ಬೀದಿಯಲ್ಲಿ ಎಲ್ಲಿಯೂ ಹೊಗೆ ಏಳಲಿಲ್ಲ. ಕೊಟ್ಟಿಗೆಗಳಲ್ಲಿ ದನಗಳು ಕೂಗುತ್ತಿದ್ದವು. ಅವಳು ಕಟ್ಟುಗಳನ್ನೆಲ್ಲ ಬಿಚ್ಚಿ ದನಗಳನ್ನು ಹೊರಗೆ ಬಿಟ್ಟಳು. ಮಡಕೆಯ ತಳದಲ್ಲಿದ್ದ ರಾಗಿ ಹಿಟ್ಟಿನಿಂದ ಒಂದು ರೊಟ್ಟಿ ತಟ್ಟಿದಳು. ಅದು ಒಂದು ಕಡೆ ಸೀದು ಇನ್ನೊಂದು ಕಡೆ ಹಸಿಯಾಗಿತ್ತು. ಅದನ್ನೇ ಸೆರಗಿನಲ್ಲಿ ಕಟ್ಟಿಕೊಂಡು ಹೊರಟಳು.

ಹೊಳೆ ದಾಟಿ ಒಂದು ಅತ್ತಿಮರದ ಕೆಳಗೆ ಕೂತು ರೊಟ್ಟಿ ಮುರಿದಾಗ ಒಂದು ಕಾಗೆ ಎದುರಿಗೆ ಬಂದು ಕೂತಿತು. ಎಲುಬು ಕಾಣುವಷ್ಟು ಸೊರಗಿತ್ತು. ದೇವೀರಿ ಅದಕ್ಕೆ ಅರ್ಧ ಕೊಟ್ಟಳು. ತಿಂದ ಮೇಲೆ ಕಾಗೆ ತನ್ನ ಕತೆ ಹೇಳಿತು. ವರ್ಷಕ್ಕೊಮ್ಮೆ ಜನ ಹಿರಿಯರಿಗೆ ಎಡೆ ಇಡುತ್ತಿದ್ದರು. ಸತ್ತವರು ಬಂದು, ಕಾಗೆಗಳ ಬಾಯಲ್ಲಿ ಉಂಡು, ತಣ್ಣಗೆ ತಮ್ಮ ಲೋಕಕ್ಕೆ ಹಿಂತಿರುಗುತ್ತಿದ್ದರು. ಈಗ ಎಡೆ ಇಡುವವರೂ ಇಲ್ಲ, ಬರುವವರೂ ಇಲ್ಲ. ಎಲ್ಲರನ್ನೂ ಉಣಿಸಯ್ಯ ತನ್ನ ಛತ್ರದಲ್ಲಿ ಕಟ್ಟಿಹಾಕಿದ್ದಾನೆ.

“ಅಲ್ಲಿ ಎಲೆ ಮೇಲೆ ಬೀಳೋದು ಅನ್ನ ಅಲ್ಲ ತಾಯಿ,” ಎಂದಿತು ಕಾಗೆ. “ಉಣ್ಣೋರ ಆಯಸ್ಸು. ಒಂದೊಂದು ತುತ್ತಿಗೂ ಅವರ ಆಯಸ್ಸು ಉಣಿಸಯ್ಯನ ಹಂಡೆ ಸೇರ್ತದೆ. ಅದನ್ನ ಕುಡಿದೇ ಅವನು ಬದುಕಿರೋದು. ಎಲೆ ಮುಂದೆ ಕೂರು, ಆದ್ರೆ ಬಾಯಿಗೆ ಇಡಬೇಡ. ಅಲ್ಲಿಂದ ಬಿಡಿಸೋದು ಹೇಗೆ ಅಂತ ನಂಗೂ ಗೊತ್ತಿಲ್ಲ.”

ದೇವೀರಿ ಛತ್ರದ ಬಾಗಿಲಿಗೆ ಬಂದಾಗ ನೆತ್ತಿಯ ಮೇಲೆ ಸೂರ್ಯನಿದ್ದ. ಬಾಗಿಲಿಗೆ ಅಡ್ಡಲಾಗಿ ಒಂದು ಹುಲಿ ಮಲಗಿತ್ತು. ನಮ್ಮಪ್ಪನನ್ನು ಕರೆದುಕೊಂಡು ಹೋಗಲು ಬಂದೆ, ದಾರಿ ಬಿಡು ಎಂದಳು. ಬದುಕಿರುವವರನ್ನು ಕೇಳಿಕೊಂಡು ಬಂದವರಿಗೆ ಈ ಬಾಗಿಲು ತೆರೆಯುವುದಿಲ್ಲ, ಸತ್ತವರ ಹೆಸರು ಹೇಳು ಎಂದಿತು ಹುಲಿ.  ಅವ್ವ ಹೋದಂದಿನಿಂದ ಆ ಹೆಸರು ದೇವೀರಿಯ ಬಾಯಿಂದ ಹೊರಗೆ ಬಂದಿರಲಿಲ್ಲ. ಬಿಸಿಲಿನಲ್ಲಿ ಬಹಳ ಹೊತ್ತು ನಿಂತಳು. ಹುಲಿ ಕಾಯಿತು.

“ಸಣ್ಣಮ್ಮ,” ಎಂದಳು ಕೊನೆಗೆ. “ನಮ್ಮವ್ವ. ಸತ್ತುಹೋದಳು.”

ಹೇಳುತ್ತಲೇ ಅಳು ಒತ್ತರಿಸಿಕೊಂಡು ಬಂತು. ಅವ್ವ ಸತ್ತ ದಿನ ಅಳದಿದ್ದದ್ದನ್ನೂ ಸೇರಿಸಿ ಅತ್ತಳು. ಹುಲಿ ಎದ್ದು ಪಕ್ಕಕ್ಕೆ ಸರಿಯಿತು. ತಾನೂ ಮೊದಲು ಮನುಷ್ಯನೇ ಎಂದಿತು. ತೀರಿಕೊಂಡ ಒಡಹುಟ್ಟಿದ ತಮ್ಮನನ್ನು ಹುಡುಕಿಕೊಂಡು ಬಂದು, ಅವನ ಹೆಸರು ಹೇಳಲಾಗದೆ, ಮನೆಗೂ ಹೋಗಲಾಗದೆ ಬಾಗಿಲಲ್ಲೇ ಉಳಿದು ಹೀಗಾದೆ ಎಂದಿತು. ಹೀಗೆ ದೇವೀರಿ ಮೊದಲನೆಯ ಪರೀಕ್ಷೆ ದಾಟಿದಳು.

ಒಳಗೆ ಕಣ್ಣು ಹಾಯುವವರೆಗೂ ಪಂಕ್ತಿ. ತುಂಬೆಗಾವಲಿನ ಜನವೆಲ್ಲ ಅಲ್ಲಿದ್ದರು. ಕೆನ್ನೆ ಗುಳಿಬಿದ್ದು, ಕೈಗಳು ಕಡ್ಡಿಯಾಗಿ, ಆದರೂ ಬಗ್ಗಿದ ತಲೆ ಎತ್ತದೆ ಉಣ್ಣುತ್ತಿದ್ದರು. ಪಕ್ಕದಲ್ಲಿ ಕೂತವರು ಯಾರೆಂದು ಒಬ್ಬರೂ ನೋಡುತ್ತಿರಲಿಲ್ಲ. ದೇವೀರಿ ಅಪ್ಪನನ್ನು ಕಂಡು ಹೆಗಲು ಹಿಡಿದು ಅಲುಗಿಸಿದಳು. ಅವನು ನೊಣ ಓಡಿಸುವ ಹಾಗೆ ಕೈ ಬೀಸಿದ. ಅವನ ಪಕ್ಕದ ಎಲೆಯ ಮುಂದೆ ಯಾರೂ ಕೂತಿರಲಿಲ್ಲ. ಅವಳು ಕೂತಳು.

ಕೂತದ್ದೇ ತಡ, ಉಣಿಸಯ್ಯ ಬಂದ. ನೋಡಲು ಹೆದರಿಕೆಯಾಗುವಂಥವನಲ್ಲ. ಗುಂಡು ಮುಖ, ಹಣೆಯಲ್ಲಿ ಗಂಧ, ಬಾಯಿ ತುಂಬ ಉಪಚಾರ. ಬಿಸಿಲಲ್ಲಿ ನಡೆದು ಬಂದಿದ್ದೀಯ ಮಗಳೆ, ಮೊದಲು ಹೊಟ್ಟೆಗೆ ಹಾಕಿಕೋ ಎಂದು ತಾನೇ ಬಡಿಸಿದ. ಎಲೆಯ ಮೇಲೆ ಬಿಸಿ ಮುದ್ದೆ ಬಂತು, ಅವರೆಕಾಳಿನ ಸಾರು ಬಂತು, ಅಂಚಿನಲ್ಲಿ ತುಪ್ಪ ಕರಗಿತು.  ದೇವೀರಿಯ ಕೈ ತಾನಾಗಿ ಎಲೆಗೆ ಹೋಯಿತು. ಅವಳು ಆ ಕೈಯನ್ನು ತೊಡೆಯ ಕೆಳಗೆ ಅದುಮಿ ಇಟ್ಟುಕೊಂಡು, ಅಪ್ಪನ ಕಡ್ಡಿಯಂಥ ಬೆರಳುಗಳನ್ನೇ ನೋಡುತ್ತ ಕೂತಳು. ಹಸಿವು ಏರಿತು, ತಲೆ ಸುತ್ತಿತು, ಆದರೂ ಕೈ ಎತ್ತಲಿಲ್ಲ. ಉಣಿಸಯ್ಯ ನಕ್ಕು ಹೊರಟುಹೋದ. ಹೀಗೆ ಎರಡನೆಯ ಪರೀಕ್ಷೆಯನ್ನೂ ದಾಟಿದಳು.

ಆಗ ಅಡುಗೆಮನೆಯ ಕಡೆಯಿಂದ ಸಣ್ಣಮ್ಮ ಬಂದಳು.

ಅದೇ ಕಂದು ಸೀರೆ, ಅದೇ ಸೊಂಟಕ್ಕೆ ಸಿಕ್ಕಿಸಿದ ಸೆರಗು. ಕಂಕುಳಲ್ಲಿ ಸಾರಿನ ಪಾತ್ರೆ, ಕೈಯಲ್ಲಿ ಸೌಟು. ಗಂಡನ ಎಲೆಗೆ ಹಾಕಿದಳು, ಮಗಳ ಎಲೆಗೆ ಬಗ್ಗಿದಳು. ಎಳೆ ಕೊತ್ತಂಬರಿ ಹಾಕಿದ ಆ ಸಾರಿನ ಪರಿಮಳ ಈ ಲೋಕದಲ್ಲಿ ಇನ್ನೊಂದು ಕೈಯಿಂದ ಬರುವಂಥದ್ದಲ್ಲ. ಅವ್ವ ಎಂದು ಕರೆದಳು ದೇವೀರಿ. ಸಣ್ಣಮ್ಮನ ಕಣ್ಣು ಮಗಳ ಮುಖದ ಮೇಲೆ ಇತ್ತು, ಆದರೆ ನೋಡುತ್ತಿರಲಿಲ್ಲ.

“ಇನ್ನೊಂಚೂರು ಹಾಕ್ಲಾ?” ಎಂದಳು.

ಅವ್ವ, ನಾನು ದೇವೀರಿ ಎಂದಳು ಮಗಳು.

“ಇನ್ನೊಂಚೂರು ಹಾಕ್ಲಾ?”

ಅಷ್ಟು ಬಿಟ್ಟು ಬೇರೆ ಮಾತು ಅವಳ ಬಾಯಲ್ಲಿ ಇರಲಿಲ್ಲ. ಪಂಕ್ತಿಯ ಉದ್ದಕ್ಕೂ ಸತ್ತವರೆಲ್ಲ ಅದನ್ನೇ ಕೇಳುತ್ತಿದ್ದರು. ಬದುಕಿರುವವರೆಲ್ಲ ಹಾಕು, ಹಾಕು ಎನ್ನುತ್ತಿದ್ದರು. ದೇವೀರಿ ತಲೆ ತಗ್ಗಿಸಿದಳು. ಆಗ ಅವ್ವನ ಕಾಲು ಕಂಡವು. ಸತ್ತ ದಿನ ಊದಿದ್ದ ಹಾಗೆಯೇ ಊದಿದ್ದವು. ಹಿಮ್ಮಡಿ ಬಿರಿದು ನೆಲದ ಮೇಲೆ ರಕ್ತದ ಗುರುತು ಬಿದ್ದಿತ್ತು. ಒಲೆಯಿಂದ ಎಲೆಗೆ, ಎಲೆಯಿಂದ ಒಲೆಗೆ, ಇಲ್ಲಿಗೆ ಬಂದಾಗಿನಿಂದ ಅವಳು ಒಂದು ಗಳಿಗೆಯೂ ಕೂತಿರಲಿಲ್ಲ.

ಏನು ಹೇಳಬೇಕೆಂದು ದೇವೀರಿಗೆ ತಿಳಿಯಿತು. ಪ್ರತಿದಿನ ಊಟದಲ್ಲಿ ಎಲ್ಲರೂ ಆಡುವ ಸಣ್ಣ ಮಾತು ಅದು. ಆದರೆ ಅದನ್ನು ಹೇಳಿದರೆ ಅವ್ವನ ಕೈ ನಿಲ್ಲುತ್ತದೆ, ನಿಂತರೆ ಅವ್ವ ಮತ್ತೆ ಸಾಯುತ್ತಾಳೆ. ಒಂದೇ ಒಂದು ತುತ್ತು ತಿಂದು ಆಮೇಲೆ ಹೇಳಲೇ ಎಂದು ಮನಸ್ಸು ಕೇಳಿತು. ಅವಳು ಎರಡೂ ಕೈಗಳನ್ನು ಎಲೆಯ ಮೇಲೆ ಅಡ್ಡ ಹಿಡಿದಳು. ಸಾರು ಕೈಯ ಮೇಲೆ ಬಿದ್ದು ಸುಟ್ಟಿತು. ತೆಗೆಯಲಿಲ್ಲ.

“ಸಾಕವ್ವ,” ಎಂದಳು. “ಹೊಟ್ಟೆ ತುಂಬ್ತು. ಸಾಕು. ಕೂತ್ಕೋ.”

ಸೌಟು ಜಾರಿ ಕೆಳಗೆ ಬಿತ್ತು. ಸಣ್ಣಮ್ಮ ಒಂದು ಸಲ ಉಸಿರು ಬಿಟ್ಟು, ಕಂಬಕ್ಕೆ ಒರಗಿ, ಕಾಲು ನೀಡಿ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡು ಮಗಳನ್ನು ನೋಡಿದಳು. ಈ ಸಲ ನಿಜವಾಗಿ ನೋಡಿದಳು.

“ನಿಮ್ಮಪ್ಪಂಗೆ ಯಾರು ಮಾಡಿಹಾಕ್ತಾರೆ?”

“ನಾನು.”

“ನಿಂಗೆ ಬರಲ್ವಲ್ಲ.”

“ಕಲೀತೀನಿ.”

ಸಣ್ಣಮ್ಮ ಮಗಳ ಸುಟ್ಟ ಕೈ ಹಿಡಿದು ಬಾಯಿಂದ ಗಾಳಿ ಊದಿದಳು. ಗಾಳಿ ತಣ್ಣಗಿತ್ತು.

ಚಿಕ್ಕೀರಯ್ಯ ಮಾತ್ರ ಮಗಳ ಮೇಲೆ ಸಿಟ್ಟಿನಿಂದ ಹಾಯ್ದ. ನಿನಗೇನು ಗೊತ್ತು, ನನಗೆ ಸಾಲದು, ನನಗೆ ಇನ್ನೂ ಬೇಕು ಎಂದು ಕೂಗಿದ. ಬಿದ್ದ ಸೌಟು ಎತ್ತಿ ಹೆಂಡತಿಯ ಕೈಗೆ ತುರುಕಲು ಹೋದ. ಹೋದವನಿಗೆ ಅವಳ ಕಾಲು ಕಂಡವು. ಅವನು ಅಲ್ಲೇ ಕುಕ್ಕರಿಸಿ, ಕುದುರೆಯ ಗೊರಸು ಹಿಡಿದು ನೋಡುತ್ತಿದ್ದ ಆ ಒರಟು ಕೈಯಿಂದ, ಹೆಂಡತಿಯ ಪಾದ ಹಿಡಿದು ನೋಡಿದ. ಸೌಟನ್ನು ದೂರ ಸರಿಸಿದ.

“ಸಾಕು ಕಣೆ,” ಎಂದ.

ಸಣ್ಣಮ್ಮ ತಲೆಯಾಡಿಸಿದಳು. ಅವಳ ಕಾಲಿನ ಊತ ಇಳಿಯಿತು. ಎದ್ದು, ಹಿತ್ತಿಲ ಬಾಗಿಲಿನಿಂದ ಬಿಸಿಲಿಗೆ ಇಳಿದು, ಹೊರಟುಹೋದಳು. ತಿರುಗಿ ನೋಡಲಿಲ್ಲ. ಹಾಗೆ ಮೂರನೆಯ ಪರೀಕ್ಷೆ ಮುಗಿಯಿತು.

ಅದನ್ನು ಕಂಡು ಪಕ್ಕದವರು ತಲೆ ಎತ್ತಿದರು. ಒಬ್ಬ ಮುದುಕಿ ಗಂಡನಿಗೆ ಸಾಕು ಎಂದಳು. ಒಬ್ಬ ಹುಡುಗ ಅಜ್ಜಿಗೆ ಸಾಕು ಎಂದ. ಪಂಕ್ತಿಯಿಂದ ಪಂಕ್ತಿಗೆ ಆ ಮಾತು ಅಳುವಿನ ಜೊತೆ ಸಾಗಿತು. ಕೊನೆಗೆ ರಾಜನೊಬ್ಬ ಉಳಿದ. ಅವನ ಪುಟ್ಟ ಮಗಳಿಗೆ ಅಡುಗೆಯಾಟವಷ್ಟೇ ಗೊತ್ತಿದ್ದದ್ದು. ಮಗು ಚಿಪ್ಪಿನಲ್ಲಿ ಅನ್ನವೆಂದು ಮರಳು ತುಂಬಿ, ಇನ್ನೊಂಚೂರು ಹಾಕ್ಲಾ ಎಂದು ಸುರಿಯುತ್ತಿತ್ತು. ರಾಜ ಅದನ್ನೇ ಅಮೃತದ ಹಾಗೆ ನುಂಗುತ್ತಿದ್ದ. ಅವನ ತುಟಿಗಳು ಒಡೆದುಹೋಗಿದ್ದವು. ದೇವೀರಿ ಅವನ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದಳು:

“ಮಹಾಸ್ವಾಮಿ, ಮಗುವಿಗೆ ನಿದ್ದೆ ಬಂದಿದೆ. ನೋಡಿ, ಕಣ್ಣು ಎಳೀತಿದೆ.”

ರಾಜ ನೋಡಿದ. ಮಗುವಿನ ರೆಪ್ಪೆಗಳು ಮುಚ್ಚಿ ಮುಚ್ಚಿ ತೆರೆಯುತ್ತಿದ್ದವು. ಅವನು ಚಿಪ್ಪನ್ನು ಅದರ ಕೈಯಿಂದ ತೆಗೆದುಕೊಂಡು, ತೊಡೆಯ ಮೇಲೆ ಮಲಗಿಸಿಕೊಂಡು, ಬೆನ್ನು ತಟ್ಟಿದ. ಸಾಕು ಕಂದ, ಅಪ್ಪನಿಗೆ ಹೊಟ್ಟೆ ತುಂಬಿತು ಎಂದ. ಮಗು ನಿದ್ದೆ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಅವನ ತೊಡೆ ಹಗುರವಾಯಿತು.

ಉಣಿಸಯ್ಯನ ಹಂಡೆ ಆರಿತು. ಅವನು ಸೌಟು ಹಿಡಿದು ಎಲೆಯಿಂದ ಎಲೆಗೆ ಓಡಿದ. ಉಣ್ಣಿ, ಉಣ್ಣಿ ಎಂದು ಗೋಗರೆದ. ಒಬ್ಬರೂ ಕೂರಲಿಲ್ಲ. ಕದ್ದು ಬದುಕಿದ ವರ್ಷಗಳ ಹಸಿವೆಲ್ಲ ಒಟ್ಟಿಗೆ ಬಂದು ಅವನ ಹೊಟ್ಟೆ ಹಿಡಿಯಿತು. ಅವನಿಗೊಂದು ತುತ್ತು ಬಡಿಸಲು ಸತ್ತವರಲ್ಲಿಯೂ ಯಾರೂ ಇರಲಿಲ್ಲ, ಬದುಕಿದವರಲ್ಲಿಯೂ ಯಾರೂ ಇರಲಿಲ್ಲ. ಒಂದು ಮೂಲೆಯಲ್ಲಿ ಕೂತು ಮಗುವಿನ ಹಾಗೆ ಅತ್ತು, ನೋಡುತ್ತಿದ್ದಂತೆ ಬೂದಿಯಾದ. ಗಾಳಿ ಬೀಸಿತು, ಛತ್ರ ಹೋಗಿ ಬಯಲಾಯಿತು. ಬಾಗಿಲಿನ ಹುಲಿ ತಮ್ಮನ ಹೆಸರು ಹಿಡಿದು ಒಂದು ಸಲ ಕೂಗಿ, ಮನುಷ್ಯನಾಗಿ ಎದ್ದು ನಿಂತಿತು. ಜನ ಒಬ್ಬರ ತೋಳು ಒಬ್ಬರು ಹಿಡಿದುಕೊಂಡು, ಕಾಲೆಳೆಯುತ್ತ ಊರ ಕಡೆ ನಡೆದರು. ರಾಜನೂ ಅವರ ನಡುವೆಯೇ ನಡೆದ.

ದೇವೀರಿ ಮನೆಗೆ ಬಂದು ಒಲೆ ಹಚ್ಚಿದಳು. ಅವಳ ಮೊದಲ ಮುದ್ದೆಯಲ್ಲಿ ಗಂಟುಗಳಿದ್ದವು, ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಚಿಕ್ಕೀರಯ್ಯ ಮುರಿದು, ಅದ್ದಿ, ಸದ್ದಿಲ್ಲದೆ ನುಂಗಿದ. ಕಣ್ಣಲ್ಲಿ ನೀರು ಬಂದಾಗ ಉಪ್ಪಿನ ನೆಪ ಹೇಳಿದ. ನಿಧಾನವಾಗಿ ಅವಳ ಕೈ ಕುದುರಿತು. ಅವಳು ಏನು ಮಾಡಿದರೂ ಅದು ಅವ್ವನ ಅಡುಗೆಯ ಹಾಗೆ ಆಗಲಿಲ್ಲ, ದೇವೀರಿಯ ಅಡುಗೆಯಾಯಿತು. ಅದನ್ನು ಉಂಡು ಅಪ್ಪ ಮತ್ತೆ ಸುತ್ತಿಗೆ ಹಿಡಿಯುವಷ್ಟು ಗಟ್ಟಿಯಾದ. ಅಪ್ಪ ಮಗಳು ಸಣ್ಣಮ್ಮನ ಹೆಸರು ಹೇಳಿ ಮಾತಾಡುವುದನ್ನೂ ಕಲಿತರು.

ತುಂಬೆಗಾವಲಿನ ಜನ ಆಮೇಲೆ ಬಹುಕಾಲ ಸುಖವಾಗಿ ಬಾಳಿದರು, ಮಳೆ ಬೆಳೆ ಕಂಡರು, ಕೂಡಿ ಉಂಡರು. ಆದರೆ ಎಂಥ ಹಬ್ಬದ ಊಟವೇ ಇರಲಿ, ನಡುವೆ ಯಾರಾದರೊಬ್ಬರು ತುತ್ತು ಬಿಟ್ಟು ಎದ್ದು ಹಿತ್ತಿಲಿಗೆ ಹೋಗುವುದಿತ್ತು. ಎಲ್ಲಿಗೆ, ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಅವರು ಮುಖ ತೊಳೆದುಕೊಂಡು ಬರುವ ತನಕ ಅವರ ಎಲೆಗೆ ನೊಣ ಕೂರದಂತೆ ಪಕ್ಕದವರು ಕೈ ಅಡ್ಡ ಹಿಡಿದಿರುತ್ತಿದ್ದರು. ಬಂದ ಮೇಲೆ ಸ್ವಲ್ಪ ಸರಿದು ಜಾಗ ಬಿಡುತ್ತಿದ್ದರು.